ಫಾರ್ಮ್ಯಾಟ್ ಮಾಡಿಸುವ ಮುಂಚೆ: ಪದೇ ಪದೇ ನಿಲ್ಲುವ ಕಂಪ್ಯೂಟರಿನ ತೊಂದರೆ ಹುಡುಕುವುದು ಹೇಗೆ

ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿದ್ದರೆ, ರೀಸ್ಟಾರ್ಟ್ ಆಗುತ್ತಿದ್ದರೆ, ದಯವಿಟ್ಟು ಮೊದಲ ಕೆಲಸವಾಗಿ ಫಾರ್ಮ್ಯಾಟ್ ಮಾಡಿಸಬೇಡಿ. ಸಾಗರದಲ್ಲಿ ನನ್ನದೊಂದು ಚಿಕ್ಕ ಸರ್ವೀಸ್ ಅಂಗಡಿ ಇದೆ. ಇಂಥ ತೊಂದರೆ ಇಟ್ಟುಕೊಂಡು ಬರುವ ಹೆಚ್ಚಿನವರು ಅಷ್ಟರಲ್ಲೇ ಒಮ್ಮೆ ವಿಂಡೋಸ್ ಹೊಸದಾಗಿ ಹಾಕಿಸಿರುತ್ತಾರೆ. "ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ" ಎನ್ನುತ್ತಾರೆ. ದುಡ್ಡು ಹೋಗಿದ್ದು ಒಂದು ಕಡೆ. ಯಾವಾಗ ನಿಂತಿತು, ಹೇಗೆ ನಿಂತಿತು ಎಂದು ವಿಂಡೋಸ್ ಬರೆದಿಟ್ಟುಕೊಂಡಿದ್ದ ಲೆಕ್ಕವೂ ಫಾರ್ಮ್ಯಾಟ್ ಜೊತೆ ಅಳಿಸಿಹೋಗಿರುತ್ತದೆ. ನನಗೆ ಮೊದಲು ಬೇಕಾಗುವುದು ಆ ಲೆಕ್ಕವೇ.

ಇಲ್ಲಿ ಹೇಳುವುದು ಮುಖ್ಯವಾಗಿ ಡೆಸ್ಕ್‌ಟಾಪ್ ವಿಚಾರ. ಒಂದು ಸ್ಕ್ರೂಡ್ರೈವರ್, ಒಂದು ಪೆನ್ ಡ್ರೈವ್, ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಬಹಳಷ್ಟನ್ನು ಮನೆಯಲ್ಲೇ ಹಿಡಿಯಬಹುದು. ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ರ್‍ಯಾಮ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ), ಕೇಬಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಹೇಗೆ ನಿಂತಿತು?

"ಸಿಸ್ಟಮ್ ಹ್ಯಾಂಗ್ ಆಗ್ತಿದೆ" ಎನ್ನುವ ಒಂದೇ ಮಾತಿನಲ್ಲಿ ಜನ ಬೇರೆ ಬೇರೆ ತೊಂದರೆಗಳನ್ನು ಸೇರಿಸಿಬಿಡುತ್ತಾರೆ. ಅವನ್ನು ಬಿಡಿಸಿ ನೋಡಿ. ಕರೆಂಟು ಹೋದ ಹಾಗೆ ಟಪ್ ಎಂದು ಆಫ್ ಆಗುತ್ತದೆಯಾ? ಹಾಗಿದ್ದರೆ ಅನುಮಾನ ಕರೆಂಟು, ಯುಪಿಎಸ್, ಎಸ್‌ಎಂಪಿಎಸ್ ಅಥವಾ ಬಿಸಿಯ ಮೇಲೆ. ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತದೆಯಾ? ಆಗ ರ್‍ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಅಥವಾ ಡ್ರೈವರ್. ಪರದೆ ಇದ್ದ ಹಾಗೇ ಕಲ್ಲಾಗಿ ನಿಂತು ಮೌಸ್ ಕೂಡ ಅಲುಗಾಡುವುದಿಲ್ಲವಾ? ಡಿಸ್ಕ್, ರ್‍ಯಾಮ್, ಕೆಲವೊಮ್ಮೆ ಮದರ್‌ಬೋರ್ಡ್.

ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ನಿಂತಾಗಲೆಲ್ಲ ಗಂಟೆ, ಆಗ ಮಾಡುತ್ತಿದ್ದ ಕೆಲಸ, ಮನೆಯಲ್ಲಿ ಆಗ ಏನೇನು ಓಡುತ್ತಿತ್ತು ಎಂದು ಬರೆಯಿರಿ. ಸಂಪಿನ ಮೋಟಾರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಸೇರಲಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ವಿಂಡೋಸ್ ತೊಂದರೆಯೋ ಹಾರ್ಡ್‌ವೇರ್ ತೊಂದರೆಯೋ ಎಂದು ನೋಡಲು ಒಂದು ಸುಲಭ ದಾರಿ ಇದೆ. ಕಂಪ್ಯೂಟರ್ ಆನ್ ಮಾಡಿ ನೇರವಾಗಿ ಬಯೋಸ್ ಪರದೆಗೆ, ಅಂದರೆ ವಿಂಡೋಸ್‌ಗಿಂತ ಮುಂಚಿನ ಸೆಟ್ಟಿಂಗ್ಸ್ ಪರದೆಗೆ ಹೋಗಿ, ಹಾಗೇ ಬಿಟ್ಟುಬಿಡಿ. ಅಲ್ಲೂ ಆಫ್ ಆದರೆ ವಿಂಡೋಸ್‌ನ ತಪ್ಪಿಲ್ಲ, ಅದಿನ್ನೂ ಶುರುವೇ ಆಗಿಲ್ಲ. ಅಲ್ಲಿ ಸರಿಯಾಗಿದ್ದರೆ ಪೆನ್ ಡ್ರೈವ್‌ನಿಂದ ಉಬುಂಟು (ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಸಿಸ್ಟಮ್) ಹಾಕಿ, ಇನ್‌ಸ್ಟಾಲ್ ಮಾಡದೆ, ಅರ್ಧ ದಿನ ಓಡಿಸಿ. ಅದೂ ಹೀಗೇ ನಿಂತರೆ ಕೇಸಿನೊಳಗೆ ಕೈಹಾಕುವ ಸಮಯ ಬಂತು ಎಂದೇ ಅರ್ಥ.

ವಿಂಡೋಸ್ ಬರೆದಿಟ್ಟಿದ್ದನ್ನು ಓದಿ

ಮೊದಲು ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಆಂಡ್ ರಿಕವರಿಯಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಎಂಬಲ್ಲಿನ ಟಿಕ್ ತೆಗೆಯಿರಿ. ಆಗ ನೀಲಿ ಪರದೆ ಹಾಗೇ ನಿಲ್ಲುತ್ತದೆ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಬಹುದು. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿ. ದಿನ ದಿನದ ಲೆಕ್ಕ ಕೆಂಪು ಗುರುತಿನ ಜೊತೆ ಕಾಣುತ್ತದೆ.

ಇನ್ನೂ ಆಳಕ್ಕೆ ಹೋಗಲು ಇವೆಂಟ್ ವ್ಯೂವರ್ ಬೇಕು. ಅಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್ ಒಳಗೆ ಕರ್ನಲ್-ಪವರ್ 41 ಎಂಬ ಸಾಲು ಸಿಗುತ್ತದೆ. ಅದನ್ನು ನೋಡಿದ ಕೂಡಲೇ ಎಸ್‌ಎಂಪಿಎಸ್ ಹೋಗಿದೆ ಎಂದು ತೀರ್ಮಾನಿಸುವವರು ಬಹಳ. ಆ ಸಾಲು ಹೇಳುವುದು ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತು ಎಂದು ಮಾತ್ರ. ಅದರ ಡೀಟೇಲ್ಸ್ ತೆರೆದು ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ದೋಷ ಸಂಖ್ಯೆ ನೋಡಿ. 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆಯುವ ಅವಕಾಶವೇ ಸಿಕ್ಕಿಲ್ಲ: ಕರೆಂಟು ಕಡಿದಿದೆ, ಇಲ್ಲವೇ ಪೂರ್ತಿ ಹ್ಯಾಂಗ್ ಆಗಿದ್ದನ್ನು ಯಾರೋ ಬಟನ್ ಒತ್ತಿ ಆಫ್ ಮಾಡಿದ್ದಾರೆ.

ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು ಎಂದರ್ಥ. ಈ ಸಂಖ್ಯೆ ನಮ್ಮ ಮಾಮೂಲಿ ಹತ್ತರ ಲೆಕ್ಕದಲ್ಲಿರುತ್ತದೆ. ನೀಲಿ ಪರದೆಯ ಕೋಡ್ ಹದಿನಾರರ ಲೆಕ್ಕದ್ದು. ಅಲ್ಲಿ 124 ಎಂದು ಕಂಡದ್ದು ಇಲ್ಲಿ 292 ಆಗಿರುತ್ತದೆ, ಗಾಬರಿ ಬೇಡ. 292 ಬಂದರೆ ಹಾರ್ಡ್‌ವೇರ್ ತಾನೇ ದೂರು ಕೊಟ್ಟಿದೆ ಎಂದುಕೊಳ್ಳಿ. 26 ಅಥವಾ 80 ಪದೇ ಪದೇ ಬಂದರೆ ಮೊದಲು ರ್‍ಯಾಮ್ ಪರೀಕ್ಷಿಸಿ. 122 ಬಂದರೆ ಡಿಸ್ಕ್ ಮತ್ತು ಅದರ ಕೇಬಲ್. 278 ಬಂದರೆ ಗ್ರಾಫಿಕ್ಸ್. ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಡ್ರೈವರ್ ಕೂಡ ಕಾರಣವಿರಬಹುದು. ದಿನಕ್ಕೊಂದು ಹೊಸ ಸಂಖ್ಯೆ ಬರುತ್ತಿದ್ದರೆ ನನ್ನ ಕೈ ನೇರವಾಗಿ ರ್‍ಯಾಮ್ ಕಡೆಗೇ ಹೋಗುತ್ತದೆ.

ಕರೆಂಟಿನಿಂದ ಶುರು ಮಾಡಿ

ನಮ್ಮ ಕಡೆ ಮಳೆಗಾಲದಲ್ಲಿ ವೋಲ್ಟೇಜ್ ಕುಣಿಯುತ್ತಲೇ ಇರುತ್ತದೆ. ಅದಕ್ಕೇ ನಾನು ಕೇಸು ಬಿಚ್ಚುವ ಮುಂಚೆ ಗೋಡೆಯ ಸಾಕೆಟ್ ನೋಡುತ್ತೇನೆ.

ಒಂದು ಝೆರಾಕ್ಸ್ ಅಂಗಡಿಯ ಕೇಸ್ ಹೇಳುತ್ತೇನೆ. ಜಮೀನಿನ ಪಹಣಿ, ಅರ್ಜಿ ಪ್ರಿಂಟ್ ಮಾಡಿಕೊಡುವ ಅಂಗಡಿ. ಪ್ರಿಂಟ್ ಕೊಟ್ಟಾಗ ಒಮ್ಮೊಮ್ಮೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಪ್ರಿಂಟರ್ ಡ್ರೈವರ್ ಬದಲಿಸಿದ್ದರು, ವಿಂಡೋಸ್ ಹಾಕಿಸಿದ್ದರು. "ಒಂದರ ಹಿಂದೆ ಒಂದು ಪ್ರಿಂಟ್ ಕೊಟ್ಟರೆ ಏನೂ ಆಗಲ್ಲ ಅಣ್ಣ, ಸ್ವಲ್ಪ ಹೊತ್ತು ಬಿಟ್ಟು ಕೊಟ್ಟರೆ ಆಗ್ತದೆ" ಎಂದರು ಅಂಗಡಿಯವರು. ಉತ್ತರ ಆ ಮಾತಿನಲ್ಲೇ ಇತ್ತು. ಲೇಸರ್ ಪ್ರಿಂಟರ್ ಕೂಡ ಅದೇ 600 ವಿಎ ಯುಪಿಎಸ್‌ಗೆ ಹಾಕಿತ್ತು. ಲೇಸರ್ ಪ್ರಿಂಟರ್‌ನೊಳಗೆ ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸಲು ಫ್ಯೂಸರ್ ಎಂಬ ಹೀಟರ್ ಇರುತ್ತದೆ. ತಣ್ಣಗಾದ ಹೀಟರ್ ಮತ್ತೆ ಬಿಸಿಯಾಗುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. ಸಣ್ಣ ಯುಪಿಎಸ್ ಅದನ್ನು ತಡೆಯುವುದಿಲ್ಲ. ಪ್ರಿಂಟರ್ ಅನ್ನು ನೇರವಾಗಿ ಗೋಡೆಗೆ ಹಾಕಿದೆವು, ಮುಗಿಯಿತು. ಲೇಸರ್ ಪ್ರಿಂಟರ್ ಯಾವತ್ತೂ ಸಣ್ಣ ಯುಪಿಎಸ್‌ಗೆ ಹಾಕಬೇಡಿ.

ಮೋಟಾರ್ ಹಾಕಿದಾಗ, ಲೈಟು ಮಂಕಾದಾಗ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಯುಪಿಎಸ್ ಬ್ಯಾಟರಿ ನೋಡಿ. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ, ಅಷ್ಟೇ. ಫೈಲುಗಳನ್ನೆಲ್ಲ ಸೇವ್ ಮಾಡಿ, ಬಯೋಸ್ ಪರದೆಯಲ್ಲಿಟ್ಟು, ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ಕೂಡಲೇ ಹೋದರೆ ಬ್ಯಾಟರಿ ಸತ್ತಿದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯಾ? ಬಹಳ ಜನ ಇದನ್ನು ಮಾಮೂಲು ಎಂದು ಬಿಟ್ಟಿರುತ್ತಾರೆ. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕೇಸಿಗೆ ಚಿಕ್ಕ ಕೆಪಾಸಿಟರ್ ಇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಕೇಸಿನ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115 ವೋಲ್ಟ್ ಆಸುಪಾಸು ನಿಂತಿರುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಆದರೂ ಇದು ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಎನ್ನುವ ಸ್ಪಷ್ಟ ಎಚ್ಚರಿಕೆ. ಅರ್ಥಿಂಗ್ ಇಲ್ಲದ ಕಡೆ ಸ್ಪೈಕ್ ಗಾರ್ಡ್ ಕೂಡ ತನ್ನ ಕೆಲಸ ಪೂರ್ತಿ ಮಾಡಲಾರದು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟಿದೆ ಎಂದು ಅಳೆಯಿಸಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇರಬಾರದು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ನೀರು ಹಾಕಿಸಿ.

ಇವೆಲ್ಲ ಸರಿಯಿದ್ದರೆ ಎಸ್‌ಎಂಪಿಎಸ್. ಕಂಪ್ಯೂಟರ್ ಓಡುತ್ತಿರುವಾಗಲೇ ಕನೆಕ್ಟರ್‌ನಲ್ಲಿ ಅಳೆಯಬೇಕು. ಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ. ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಭಾರದ ಕೆಲಸ ಕೊಟ್ಟಾಗ ಹಳದಿ 11.4ಕ್ಕಿಂತ ಕೆಳಗಿಳಿದರೆ ಬದಲಿಸಿ. ಆದರೆ ಕ್ಷಣಮಾತ್ರದ ಕುಸಿತ ಮೀಟರಿಗೆ ಕಾಣುವುದಿಲ್ಲ. ಹಾಗಾಗಿ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ತಂದು ಹಾಕಿ ನೋಡುವುದೇ ಕೊನೆಯ ಪರೀಕ್ಷೆ. ಹಸಿರು ವೈರ್ ಮತ್ತು ಕಪ್ಪು ವೈರ್ ಸೇರಿಸಿ ಫ್ಯಾನ್ ತಿರುಗಿತು, ಆದ್ದರಿಂದ ಎಸ್‌ಎಂಪಿಎಸ್ ಸರಿ ಎನ್ನುವವರನ್ನು ನಂಬಬೇಡಿ. ಅದು ಆನ್ ಆಗುತ್ತದೆ ಎಂದಷ್ಟೇ ಗೊತ್ತಾಗುತ್ತದೆ, ಭಾರ ಹೊರುತ್ತದೆ ಎಂದಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಜೀವಕ್ಕೆ ಅಪಾಯ.

ಹೆಚ್ಚಿನವರು ನೋಡದೇ ಬಿಡುವ ಜಾಗ ಇನ್ನೊಂದಿದೆ: ಕ್ಯಾಬಿನೆಟ್ ಮುಂದಿನ ಬಟನ್. ರೀಸೆಟ್ ಬಟನ್ ಒಳಗೆ ಸಿಕ್ಕಿಕೊಂಡರೆ ಅಥವಾ ತೇವಕ್ಕೆ ಶಾರ್ಟ್ ಆದರೆ ಕಾರಣವೇ ಇಲ್ಲದೆ ರೀಸ್ಟಾರ್ಟ್ ಆಗುತ್ತದೆ. ಮದರ್‌ಬೋರ್ಡ್‌ನಿಂದ ರೀಸೆಟ್ ಸ್ವಿಚ್ಚಿನ ಚಿಕ್ಕ ಕನೆಕ್ಟರ್ ಕಿತ್ತು ಎರಡು ದಿನ ಓಡಿಸಿ ನೋಡಿ. ಒಂದು ಪೈಸೆ ಖರ್ಚಿಲ್ಲ.

ಬಿಸಿ

ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಪ್ರೊಸೆಸರ್‌ನ ಬಿಸಿ ನೋಡಿ. ಈಗಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ಆಫ್ ಆಗುತ್ತವೆ. ಆದ್ದರಿಂದ ಬಿಸಿಯ ತೊಂದರೆಯಲ್ಲಿ ಆಫ್ ಆಗುವ ಮುಂಚೆ ಕಂಪ್ಯೂಟರ್ ನಿಧಾನವಾಗುತ್ತದೆ. ಆನ್ ಮಾಡಿದ ಅರೆ ನಿಮಿಷದಲ್ಲೇ 90 ದಾಟಿದರೆ ಧೂಳಿಗಿಂತ ಕೂಲರ್ ಮೇಲೆ ಅನುಮಾನಪಡಿ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್‌ಗೆ ಒತ್ತಿ ಕೂರಿಸುವ ನಾಲ್ಕು ಪಿನ್ ಇರುತ್ತವೆ. ಬೈಕ್ ಮೇಲೆ ತರುವಾಗ ಅದರಲ್ಲೊಂದು ಮೇಲೆದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೂಲರ್ ತೆಗೆದರೆ ಅದಕ್ಕೂ ಪ್ರೊಸೆಸರ್‌ಗೂ ನಡುವಿನ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಬ್ಲೋವರ್ ಹಾಕುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಒಳಗೆ ಇರುವೆ, ಸತ್ತ ಹಲ್ಲಿ ಇದೆಯಾ ಎಂದೂ ನೋಡಿ, ಇವು ಶಾರ್ಟ್ ಮಾಡುತ್ತವೆ.

ರ್‍ಯಾಮ್

ರ್‍ಯಾಮ್ ಕೆಟ್ಟರೆ ಅದು ಸಾಫ್ಟ್‌ವೇರ್ ತೊಂದರೆಯ ಹಾಗೇ ಕಾಣುತ್ತದೆ. ಬ್ರೌಸರ್ ಟ್ಯಾಬ್ ಮುಚ್ಚಿಹೋಗುತ್ತದೆ. ಜಿಪ್ ಫೈಲ್ ಬಿಚ್ಚುವುದಿಲ್ಲ. ವಿಂಡೋಸ್ ಹಾಕುವಾಗಲೇ ಫೈಲ್ ಕೆಟ್ಟಿದೆ ಎಂದು ಅರ್ಧಕ್ಕೆ ನಿಲ್ಲುತ್ತದೆ. ಇದು ಅಪರೂಪ ಎಂದುಕೊಳ್ಳಬೇಡಿ. ಗೂಗಲ್ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಶೇಕಡ 8ಕ್ಕಿಂತ ಹೆಚ್ಚು ರ್‍ಯಾಮ್ ಕಡ್ಡಿಗಳಲ್ಲಿ ದೋಷ ಕಂಡಿತ್ತು. ಸರ್ವರ್ ರ್‍ಯಾಮ್ ಅಂಥ ದೋಷಗಳಲ್ಲಿ ಹೆಚ್ಚಿನವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನಮ್ಮ ಮನೆಯ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಆ ಅನುಕೂಲ ಇರುವುದಿಲ್ಲ.

ಇದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ತಂತ್ರಾಂಶ ಉಚಿತ. ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಅದು ಒಪ್ಪತಕ್ಕದ್ದಲ್ಲ. "ಒಂದೇ ಅಲ್ವಾ" ಎಂದು ಬಿಟ್ಟರೆ ನಾಳೆ ಫೋಟೋಗಳೇ ಕೆಟ್ಟು ಸೇವ್ ಆಗುತ್ತವೆ. ಎರರ್ ಬಂದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಕಡ್ಡಿಗಳನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ಮತ್ತೆ ಓಡಿಸಿ. ಆಮೇಲೆ ಒಂದೊಂದೇ ಕಡ್ಡಿ ಹಾಕಿ. ಕಡ್ಡಿ ಯಾವ ಸ್ಲಾಟ್‌ಗೆ ಹೋದರೂ ಎರರ್ ಅದರ ಹಿಂದೆಯೇ ಹೋದರೆ ಕಡ್ಡಿಯ ತೊಂದರೆ. ಯಾವ ಕಡ್ಡಿ ಹಾಕಿದರೂ ಅದೇ ಸ್ಲಾಟ್‌ನಲ್ಲಿ ಬಂದರೆ ಬೋರ್ಡಿನದು.

ಮಲೆನಾಡಿನ ತೇವಕ್ಕೆ ರ್‍ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕಾಗುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದನ್ನು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಮೆತ್ತನೆಯ ಬಿಳಿ ರಬ್ಬರ್ ಆದರೆ ಪರವಾಗಿಲ್ಲ, ಹಗುರವಾಗಿ ಉಜ್ಜಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಅದೇ ಒಳ್ಳೆಯದು. ಕೈ ಹಾಕುವ ಮುಂಚೆ ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಲೋಹದ ಭಾಗ ಒಮ್ಮೆ ಮುಟ್ಟಿಕೊಳ್ಳಿ.

ಡಿಸ್ಕ್, ಗ್ರಾಫಿಕ್ಸ್, ಪ್ರೊಸೆಸರ್

ಡಿಸ್ಕ್ ಮೇಲೆ ಅನುಮಾನವಿದ್ದರೆ ಮೊದಲು ಡೇಟಾ ಕಾಪಿ ಮಾಡಿ, ಪರೀಕ್ಷೆ ಆಮೇಲೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಹಾರ್ಡ್ ಡಿಸ್ಕ್‌ನ 05, ಸಿ5, ಸಿ6 ಸಾಲುಗಳು ಏರುತ್ತಿದ್ದರೆ ಡಿಸ್ಕ್‌ನ ಕಾಲ ಮುಗಿಯುತ್ತಾ ಬಂದಿದೆ. ಸಿ7 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಕಾರಣ. ಸಾವಿರಾರು ರೂಪಾಯಿಯ ಡಿಸ್ಕ್ ತರುವ ಮುಂಚೆ ಆ ಕೇಬಲ್ ಬದಲಿಸಿ ನೋಡಿ.

ಗೇಮ್ ಅಥವಾ ವಿಡಿಯೋ ಎಡಿಟಿಂಗ್ ವೇಳೆ ಮಾತ್ರ ತೊಂದರೆ ಬಂದರೆ, ಬೋರ್ಡಿನಲ್ಲೇ ಗ್ರಾಫಿಕ್ಸ್ ಇದ್ದಲ್ಲಿ, ಕಾರ್ಡ್ ತೆಗೆದು ಕೆಲವು ದಿನ ಓಡಿಸಿ. ಕಾರ್ಡ್ ಇಲ್ಲದೆ ಸರಿಯಿದ್ದರೂ ಅದನ್ನೇ ದೂರಬೇಡಿ. ಕಾರ್ಡ್‌ಗೆ ಬೇಕಾದಷ್ಟು ಕರೆಂಟು ಕೊಡಲಾಗದ ಎಸ್‌ಎಂಪಿಎಸ್ ಇರಬಹುದು.

ಪ್ರೊಸೆಸರ್ ಕೆಡುವುದು ತೀರಾ ಕಡಿಮೆ. ಈಚಿನ ವರ್ಷಗಳಲ್ಲಿ ಒಂದು ದೊಡ್ಡ ಅಪವಾದ ಇದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್ ಬೇಡುತ್ತಾ ತಾವೇ ಸವೆಯುತ್ತಿದ್ದವು. ಗೇಮ್ ತೆರೆದರೆ ವಿಡಿಯೋ ಮೆಮೊರಿ ಸಾಲದು ಎಂಬ ತಪ್ಪು ಸಂದೇಶ ಬರುತ್ತಿತ್ತು, ಜನ ಗ್ರಾಫಿಕ್ಸ್ ಕಾರ್ಡನ್ನು ದೂರುತ್ತಿದ್ದರು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನಿಮ್ಮದು ಆ ಪೀಳಿಗೆಯದಾದರೆ ಇವತ್ತೇ ಬಯೋಸ್ ಅಪ್‌ಡೇಟ್ ಮಾಡಿಸಿ. ಆಗಲೇ ಸವೆದಿರುವ ಪ್ರೊಸೆಸರ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ಬಿಲ್ ಹುಡುಕಿ ವಾರಂಟಿ ಕೇಳಿ.

ಇಷ್ಟೆಲ್ಲ ನೋಡಿದರೂ ನಿಲ್ಲುತ್ತಿದ್ದರೆ ಬೋರ್ಡ್, ಪ್ರೊಸೆಸರ್, ಒಂದು ರ್‍ಯಾಮ್ ಕಡ್ಡಿ, ಎಸ್‌ಎಂಪಿಎಸ್ ಮಾತ್ರ ಉಳಿಸಿ ಉಳಿದದ್ದೆಲ್ಲ ಕಳಚಿ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ, ಕಂದು ಬಣ್ಣದ ರಸ ಸೋರಿದೆಯಾ ನೋಡಿ. ಹಾಗಿದ್ದರೆ ಬೋರ್ಡ್ ಹೋಗಿದೆ. ಹಳೆಯ ಬೋರ್ಡಿಗೆ ಹೊಸ ಕೆಪಾಸಿಟರ್ ಹಾಕಿಕೊಡುವವರು ಈಗಲೂ ಸಿಗುತ್ತಾರೆ. ಕಂಪ್ಯೂಟರ್ ಎಂಟು ಹತ್ತು ವರ್ಷ ಹಳೆಯದಾದರೆ ಆ ಖರ್ಚು ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ. ಡಿಸ್ಕ್ ಮಾತ್ರ ಬಿಚ್ಚಿಟ್ಟುಕೊಳ್ಳಿ. ಒಂದು ಸಾಟಾ-ಯುಎಸ್‌ಬಿ ಕೇಬಲ್ ಇದ್ದರೆ ಅದರಲ್ಲಿರುವುದನ್ನೆಲ್ಲ ಬೇರೆ ಕಂಪ್ಯೂಟರಿಗೆ ಕಾಪಿ ಮಾಡಬಹುದು.