ಕಂಪ್ಯೂಟರ್ ಮುಂದೆ ಕಣ್ಣು ಉರಿಯುತ್ತಿದೆಯೇ? ಮೊದಲು ಮೇಜು ಸರಿಮಾಡಿ

ಸಂಜೆಯಾಗುವಷ್ಟರಲ್ಲಿ ಕಣ್ಣು ಉರಿ, ಹಣೆ ಭಾರ, ಅಕ್ಷರ ಮಸುಕು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಬಹಳ ಮಂದಿಯ ಪಾಡು ಇದು. ಇಂಥವರಲ್ಲಿ ಅನೇಕರು ಮೊದಲು ಕೊಳ್ಳುವುದು ಸ್ಕ್ರೀನಿನ ನೀಲಿ ಬೆಳಕನ್ನು ತಡೆಯುವ ‘ಬ್ಲೂ ಲೈಟ್’ ಕನ್ನಡಕ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವರದಿಯ ಪ್ರಕಾರ, ಕಣ್ಣಿನ ಆಯಾಸ ತಗ್ಗಿಸುವುದರಲ್ಲಿ ಅದು ಸಾಮಾನ್ಯ ಕನ್ನಡಕಕ್ಕಿಂತ ಮೇಲು ಎನ್ನಲು ಆಧಾರ ಸಿಕ್ಕಿಲ್ಲ. ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೇ ಸಾಕಷ್ಟಿವೆ.

1. ಸ್ಕ್ರೀನ್ ದೂರ ಇಡಿ. ಕೈ ನೀಡಿದರೆ ಬೆರಳ ತುದಿ ತಾಗುವಷ್ಟು, ಅಂದರೆ ಸುಮಾರು 50ರಿಂದ 70 ಸೆಂ.ಮೀ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿರಲಿ. ನೋಟ ಕೆಳಗಿದ್ದರೆ ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣು ಬೇಗ ಒಣಗುವುದಿಲ್ಲ.

2. ಕಿಟಕಿ ಪಕ್ಕಕ್ಕೆ ಬರಲಿ. ಎದುರಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದಿದ್ದರೆ ಸ್ಕ್ರೀನಿನಲ್ಲಿ ಹೊಳೆಯುತ್ತದೆ. ಫ್ಯಾನ್, ಎಸಿ ಗಾಳಿ ನೇರ ಮುಖಕ್ಕೆ ಬಡಿಯದ ಹಾಗೆ ನೋಡಿಕೊಳ್ಳಿ. ಬ್ರೈಟ್‌ನೆಸ್ ಕೋಣೆಯ ಬೆಳಕಿಗೆ ಹೊಂದುವಷ್ಟಿದ್ದರೆ ಸಾಕು.

3. ಅಕ್ಷರ ದೊಡ್ಡದು ಮಾಡಿ. ಕನ್ನಡ ಓದುವವರು ಇದನ್ನು ಮರೆಯಲೇಬಾರದು. ಇಂಗ್ಲಿಷಿಗೆ ಸಾಕಾಗುವ ಸೈಜಿನಲ್ಲಿ ನಮ್ಮ ಒತ್ತಕ್ಷರಗಳು ತೀರಾ ಪುಟ್ಟದಾಗಿ ಕಾಣುತ್ತವೆ. ‘ಸ್ತ್ರೀ’, ‘ರಾಷ್ಟ್ರ’ ಓದಲು ಕತ್ತು ಮುಂದೆ ಚಾಚಬೇಕಾದರೆ ಸೈಜು ಸಾಲದು ಎಂದೇ ಅರ್ಥ. ಬ್ರೌಸರಿನಲ್ಲಿ ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತಿದರೆ ಆಯಿತು. ಡಿಟಿಪಿ, ಪ್ರೂಫ್ ಕೆಲಸದವರು ತಿದ್ದುವಾಗ ಪುಟವನ್ನು ಝೂಮ್ ಮಾಡಿಕೊಳ್ಳಿ. ಅಚ್ಚಿನ ಸೈಜು ಅದರಿಂದ ಬದಲಾಗುವುದಿಲ್ಲ.

4. ಕಣ್ಣು ಮಿಟುಕಿಸಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುತ್ತೇವೆ. ಸ್ಕ್ರೀನ್ ನೋಡುವಾಗ ಅದು 5–7ಕ್ಕೆ ಇಳಿಯುತ್ತದೆ. ಮಿಟುಕಿಸಿದರೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಪ್ರತಿ ಸಲ ರೆಪ್ಪೆ ಇಳಿದಾಗ ಕಣ್ಣಿನ ಮೇಲೆ ಕಣ್ಣೀರಿನ ತೆಳು ಪದರ ಹರಡುತ್ತದೆ. ಅದು ಒಣಗಿದ ಕಡೆ ಉರಿ, ಮಸುಕು ಶುರು. ಆದ್ದರಿಂದ ನೆನಪಾದಾಗಲೆಲ್ಲ ಮೆಲ್ಲಗೆ, ಪೂರ್ತಿ ಮುಚ್ಚಿ ತೆರೆಯಿರಿ. ಫೈಲ್ ತೆರೆಯುವ ಹೊತ್ತು, ಮೇಲ್ ಕಳಿಸಿದ ಕ್ಷಣ, ಹೀಗೆ ಯಾವುದಾದರೂ ಕೆಲಸಕ್ಕೆ ಅಂಟಿಸಿಕೊಂಡರೆ ರೂಢಿಯಾಗುತ್ತದೆ.

ಜೊತೆಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಪುಟ್ಟ ಸ್ನಾಯು ಬಿಗಿದೇ ಇರುತ್ತದೆ, ದೂರ ನೋಡಿದಾಗಷ್ಟೇ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ತೆಗೆದರೆ ಸ್ನಾಯುವಿಗೆ ಬಿಡುವೇ ಸಿಗಲಿಲ್ಲ, ಅಲ್ವಾ?

5. ನಲವತ್ತು ದಾಟಿದವರು ಕನ್ನಡಕದ ನಂಬರ್ ನೋಡಿಸಿಕೊಳ್ಳಿ. ದೂರಕ್ಕೂ ಓದಲಿಕ್ಕೂ ಒಂದೇ ಗಾಜಿನಲ್ಲಿ ನಂಬರ್ ಇರುವ ಬೈಫೋಕಲ್‌ನ ಕೆಳಭಾಗ ಪುಸ್ತಕದ ದೂರಕ್ಕೆ ಮಾಡಿದ್ದು. ಅದರಲ್ಲಿ ಸ್ಕ್ರೀನ್ ನೋಡಲು ಗದ್ದ ಎತ್ತಬೇಕಾಗಿ ಕತ್ತು ನೋಯುತ್ತದೆ. ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದುಕೊಂಡು ಹೋಗಿ ಕಣ್ಣು ಪರೀಕ್ಷಿಸುವವರಿಗೆ ಹೇಳಿ. ಆ ದೂರಕ್ಕೇ ಕನ್ನಡಕ ಮಾಡಿಕೊಡುತ್ತಾರೆ.

6. ಇಷ್ಟೆಲ್ಲ ಮಾಡಿದರೂ ಉರಿ ನಿಲ್ಲದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಡ್ರಾಪ್ಸ್ ತರಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದನ್ನು ಹೇಳದೆ ಕೇಳದೆ ಬಹುಕಾಲ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ.