ಹೊಲಿಗೆ ಇಲ್ಲದೆ ಫೈಬ್ರೋಅಡಿನೋಮಾ ತೆಗೆದದ್ದು: ನನ್ನ ಅನುಭವ

ಫೈಬ್ರೋಅಡಿನೋಮಾ ಅಂದರೆ ಸ್ತನದಲ್ಲಿ ಬರುವ, ಕ್ಯಾನ್ಸರ್ ಅಲ್ಲದ ಗಂಟು. ಅದನ್ನು ವ್ಯಾಕ್ಯೂಮ್ ಸೂಜಿಯಿಂದ, ಅಂದರೆ ಒಳಗೇ ಕತ್ತರಿಸಿ ಚೂರುಗಳನ್ನು ಹೀರಿಕೊಳ್ಳುವ ಸೂಜಿಯಿಂದ ತೆಗೆಯುತ್ತೇನೆ ಅಂದಾಗ ನಮ್ಮ ಸೀನಿಯರ್ ಒಪ್ಪಲಿಲ್ಲ. "ಚೂರು ಚೂರು ಮಾಡಿ ಎಳೀತೀಯ. ಉಳಿದದ್ದು ಮತ್ತೆ ಬೆಳೆಯುತ್ತೆ. ಕೊಯ್ದು ಇಡಿಯಾಗಿ ತೆಗೆಯೋಕೆ ಏನು ಕಷ್ಟ?" ಎಂದರು. ಈಗ ಸುಮಾರು 80 ಕೇಸ್ ಆಗಿವೆ. ಹೋದ ತಿಂಗಳು ಅವರೇ ಒಬ್ಬ ಹುಡುಗಿಯನ್ನು ನನ್ನ ಹತ್ತಿರ ಕಳಿಸಿದರು.

ಮೊದಲ ಹತ್ತು ಕೇಸ್ ಚೆನ್ನಾಗಿರಲಿಲ್ಲ. ಮೂರರಲ್ಲಿ ಹೆಮಟೋಮಾ, ಅಂದರೆ ಒಳಗೆ ರಕ್ತ ಸೇರಿಕೊಂಡಿತ್ತು. ಒಬ್ಬರ ಸ್ತನ ಅರ್ಧಕ್ಕರ್ಧ ನೀಲಿಗಟ್ಟಿತ್ತು, ಕರಗಲು ಮೂರು ವಾರ ಹಿಡಿಯಿತು. ಆ ಮೂರು ವಾರ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಸೂಜಿ ತೆಗೆದ ಕೂಡಲೇ ಒತ್ತುವ ಕೆಲಸ ಬೇರೆಯವರಿಗೆ ಕೊಟ್ಟು ನಾನು ನೋಟ್ಸ್ ಬರೆಯಲು ಹೋಗುತ್ತಿದ್ದೆ. ಅವರು ಚರ್ಮದ ತೂತಿನ ಮೇಲೆ ಒತ್ತುತ್ತಿದ್ದರು. ರಕ್ತ ಬರೋದು ಗಂಟಿದ್ದ ಜಾಗದಿಂದ, ಅದು ನಾಲ್ಕೈದು ಸೆಂಟಿಮೀಟರ್ ಆಚೆ ಇರುತ್ತೆ ಅಲ್ವಾ? ಈಗ ಒಳಗಿನ ರಕ್ತ ಪೂರ್ತಿ ಹೀರಿಸಿ, ಗಡಿಯಾರ ನೋಡಿಕೊಂಡು 15 ನಿಮಿಷ ನಾನೇ ಒತ್ತುತ್ತೇನೆ. ಮರುದಿನದವರೆಗೆ ಬಿಗಿ ಬ್ಯಾಂಡೇಜ್.

ಇನ್ನೊಂದು ತಪ್ಪು ಗಾಳಿಯದ್ದು. ಮರಗಟ್ಟಿಸುವ ಲಿಗ್ನೋಕೇನ್ ಸಿರಿಂಜ್‌ನಲ್ಲಿ ಗುಳ್ಳೆ ಉಳಿದು ಸೂಜಿಗೆ ದಾರಿ ತೋರುವ ಅಲ್ಟ್ರಾಸೌಂಡ್ ಸ್ಕ್ಯಾನ್ ತುಂಬ ನೆರಳು ಬಿತ್ತು. ಸುಮ್ನೆ ಅಂದಾಜಿನ ಮೇಲೆ ಕತ್ತರಿಸಿದೆ. ಆರು ತಿಂಗಳಿಗೆ ನೋಡಿದರೆ ಆರೇಳು ಮಿಲಿಮೀಟರ್ ಚೂರು ಅಲ್ಲೇ ಇತ್ತು. ಸೀನಿಯರ್ ಹೇಳಿದ್ದು ಆ ಒಂದು ಕೇಸ್‌ನಲ್ಲಿ ನಿಜವಾಯಿತು.

ದುಡ್ಡಿನ ವಿಷಯ. ಪ್ರೋಬ್, ಅಂದರೆ ಈ ಸೂಜಿ, ಒಂದು ಸಲಕ್ಕೆ ಮಾತ್ರ, ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಮೊದಲ ಆರು ತಿಂಗಳು ನಷ್ಟವೇ. ಥಿಯೇಟರ್, ಅನಸ್ತೀಸಿಯಾ, ಹಾಸಿಗೆ ಉಳಿಯುವ ಲೆಕ್ಕ ಬರೆದು ತೋರಿಸಿದ ಮೇಲೆ ಆಡಳಿತದವರು ಸುಮ್ಮನಾದರು. ಒಂದೇ ಕಡೆ ಎರಡು ಮೂರು ಗಂಟಿದ್ದರೆ ಒಂದೇ ಪ್ರೋಬ್‌ನಲ್ಲಿ ಮುಗಿಯುತ್ತದೆ, ಲಾಭ ಬರುವುದು ಅಲ್ಲಿ. ಹಾಗಂತ ಪ್ರೋಬ್ ದುಡ್ಡು ಹುಟ್ಟಿಸಲು ಒಂದು ಸೆಂಟಿಮೀಟರ್ ಗಂಟಿಗೆ ಕೈ ಹಾಕಬೇಡಿ. ಬಯಾಪ್ಸಿ ಸರಿಯಿದ್ದು, ಬೆಳೆಯದೆ, ತೊಂದರೆ ಕೊಡದೆ ಇದ್ದರೆ ನಾನು ಮನೆಗೆ ಕಳಿಸುತ್ತೇನೆ. ಫಿಲ್ಲೋಡಿಸ್ (ಫೈಬ್ರೋಅಡಿನೋಮಾದಂತೆಯೇ ಕಾಣುವ, ಮತ್ತೆ ಬೆಳೆಯಬಲ್ಲ ಇನ್ನೊಂದು ಬಗೆಯ ಗಂಟು) ಅನುಮಾನ ಇದ್ದರೆ ನೇರವಾಗಿ ಓಪನ್, ಅಂದರೆ ಕೊಯ್ದೇ ತೆಗೆಯುವುದು. ಗಂಟು ಪೂರ್ತಿ ಬಂತೇ ಎಂದು ನೋಡಲು ಬೇಕಾದ ಅಂಚು ಚೂರುಗಳಲ್ಲಿ ಸಿಗುವುದಿಲ್ಲ.

ತೆಳು ಸೂಜಿ 11 ಗೇಜ್‌ನಲ್ಲಿ ಎರಡೂವರೆ ಸೆಂಟಿಮೀಟರ್ ಗಂಟಿಗೆ ಹೆಚ್ಚುಕಮ್ಮಿ ಒಂದು ಗಂಟೆ ಹಿಡಿದಿತ್ತು. ಅದಕ್ಕಿಂತ ದಪ್ಪ ಸೂಜಿ 8 ಗೇಜ್‌ಗೆ ಬಂದ ಮೇಲೆ ಅರ್ಧ ಗಂಟೆ ಸಾಕು. ನನ್ನ ಮಿತಿ 3 ಸೆಂಟಿಮೀಟರ್. ಸೂಜಿ ಗಂಟಿನ ಅಡಿಯಲ್ಲೇ ಇರಬೇಕು. ಗಂಟು ಚರ್ಮಕ್ಕೆ ಹತ್ತಿರ ಇದ್ದರೆ ನಡುವೆ ಸಲೈನ್ (ಉಪ್ಪುನೀರಿನ ದ್ರಾವಣ) ತುಂಬಿಸಿ.

ರಕ್ತ ಕಮ್ಮಿಯಾಗಬಹುದು ಎಂದು ತಣ್ಣನೆಯ ಸಲೈನ್ ಕೂಡ ಹಾಕಿ ನೋಡಿದೆ. ಏಳೆಂಟು ಕೇಸ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ. ಕೋಳಿ ಮಾಂಸದೊಳಗೆ ದ್ರಾಕ್ಷಿ ಇಟ್ಟು ಮಾಡಿದ ಅಭ್ಯಾಸ ಮಾತ್ರ ತುಂಬಾ ಕೈಹಿಡಿಯಿತು.

ನಿಪ್ಪಲ್ ಹಿಂದಿನ ಗಂಟಿಗೆ ಸೂಜಿ ಎಲ್ಲಿಂದ ಹಾಕುತ್ತೇನೆ ಎಂದು ಬಹಳ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದಲ್ಲಿ ನಿಂತು ನೋಡಬೇಕು. ಮುಂದಿನ ವಾರ ಒಬ್ಬರಿಗೆ ಒಂದೇ ಸ್ತನದಲ್ಲಿ ನಾಲ್ಕು ಗಂಟು ತೆಗೆಯಬೇಕಿದೆ. ನಾಲ್ಕು ಮಿಲಿಮೀಟರಿನ ಎರಡು ತೂತು ಸಾಕು ಎನ್ನುವುದು ನನ್ನ ಲೆಕ್ಕ.