ಅಮೆರಿಕದ ಹಳೇ ಜನಗಣತಿ ಹಾಳೆ ಓದುವುದು ಹೇಗೆ?

ಮಹಾ ಆರ್ಥಿಕ ಕುಸಿತದ ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಪುಸ್ತಕದಲ್ಲಿದ್ದಷ್ಟೇ. 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಬಿತ್ತು, ಬ್ಯಾಂಕುಗಳು ಮುಳುಗಿದವು, 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಇದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಮನೆಯೂ ಕಣ್ಣಿಗೆ ಕಟ್ಟುವುದಿಲ್ಲ. ಮನೆ ಕಾಣಬೇಕಾದರೆ 1930 ಮತ್ತು 1940ರ ಜನಗಣತಿ ಹಾಳೆಗಳನ್ನು ಓದಬೇಕು. ಗಣತಿದಾರರು ಬಾಗಿಲಲ್ಲಿ ನಿಂತು ಕೈಯಲ್ಲಿ ಬರೆದುಕೊಂಡ ಹಾಳೆಗಳು ಅವು.

ನಾನು ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಎಲ್ಲ ಟೀಚರುಗಳ ಹಾಗೆ ಸೆನ್ಸಸ್ ಡ್ಯೂಟಿಯನ್ನೂ ಮಾಡಿದವಳು. ಈಗ ಚಳಿಗಾಲದಲ್ಲಿ ಡೆಟ್ರಾಯಿಟ್ ಹತ್ತಿರ ಮಗಳ ಮನೆಯಲ್ಲಿರುತ್ತೇನೆ. ಹೊರಗೆ ಹಿಮ, ಒಳಗೆ ಲ್ಯಾಪ್‌ಟಾಪ್. ಬರೆದವರ ಕಷ್ಟ ಗೊತ್ತಿರುವುದರಿಂದಲೋ ಏನೋ, ಈ ಹಾಳೆಗಳು ನನಗೆ ಬೇಗ ಹಿಡಿಸಿದವು.

ನಮ್ಮಲ್ಲಿ ಹೆಸರಿರುವ ಗಣತಿ ಹಾಳೆ ಹೊರಗೆ ಬರುವುದಿಲ್ಲ. ಅಮೆರಿಕದಲ್ಲಿ 72 ವರ್ಷ ಮುಚ್ಚಿಟ್ಟು ಆಮೇಲೆ ಬಿಡುತ್ತಾರೆ. ಹಾಗಾಗಿ 1930ರದ್ದು 2002ರಲ್ಲಿ, 1940ರದ್ದು 2012ರಲ್ಲಿ ಹೊರಬಂತು. ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಪುಕ್ಕಟೆ ಅಕೌಂಟ್ ಮಾಡಿಕೊಂಡು ಹುಡುಕಬಹುದು. 1940ರ ಹಾಳೆಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಸೈಟಿನಲ್ಲೂ ಇವೆ. ಹೆಸರು ಹಿಡಿದು ಹುಡುಕಲು ನಿಮಗೆ ಅಲ್ಲಿ ಅಜ್ಜ-ಮುತ್ತಜ್ಜ ಇರಲಿಕ್ಕಿಲ್ಲ. ಆದ್ದರಿಂದ ಬೀದಿ ಹಿಡಿದು ಹುಡುಕಿ. ಪ್ರತಿ ಗಣತಿದಾರನಿಗೂ ಕೊಟ್ಟ ಪ್ರದೇಶಕ್ಕೆ ಒಂದು ನಂಬರ್ ಇರುತ್ತದೆ, ಅದಕ್ಕೆ ಇಡಿ ನಂಬರ್ ಎನ್ನುತ್ತಾರೆ. ಬೀದಿಯ ಹೆಸರು ಕೊಟ್ಟರೆ ಈ ನಂಬರ್ ಹುಡುಕಿಕೊಡುವ ಸೈಟೊಂದನ್ನು ಸ್ಟೀಫನ್ ಮೋರ್ಸ್ ನಡೆಸುತ್ತಾರೆ. ಕಂಪ್ಯೂಟರಿನ ಇಂಟೆಲ್ 8086 ಚಿಪ್‌ನ ವಿನ್ಯಾಸ ಮಾಡಿದ ಅದೇ ಮೋರ್ಸ್. ಈ ಮಾತು ಕೇಳಿದ ಮೇಲೆಯೇ ನನ್ನ ಅಳಿಯ ಲ್ಯಾಪ್‌ಟಾಪ್ ಹತ್ತಿರ ಬಂದು ಕೂತದ್ದು.

ಮೊದಲು 1930ರ ಹಾಳೆ ತೆಗೆಯಿರಿ. ಒಂದು ಪುಟಕ್ಕೆ 50 ಸಾಲು, ಒಬ್ಬರಿಗೆ ಒಂದು ಸಾಲು. ಹೆಸರಿನಿಂದ ಶುರು ಮಾಡಬೇಡಿ. ನೇರವಾಗಿ 7, 8, 9ನೇ ಕಾಲಂಗೆ ಹೋಗಿ. 7ರಲ್ಲಿ 'ಓ' ಇದ್ದರೆ ಸ್ವಂತ ಮನೆ, 'ಆರ್' ಇದ್ದರೆ ಬಾಡಿಗೆ. 8ರಲ್ಲಿ ಸ್ವಂತ ಮನೆಯಾದರೆ ಅದರ ಬೆಲೆ, ಬಾಡಿಗೆಯದಾದರೆ ತಿಂಗಳ ಬಾಡಿಗೆ. 9ನೇ ಕಾಲಂನಲ್ಲಿ ಮತ್ತೆ 'ಆರ್' ಕಂಡರೆ ಅದು ಬಾಡಿಗೆಯಲ್ಲ, ರೇಡಿಯೊ!

ಈ ರೇಡಿಯೊ ಕಾಲಂ ನನಗೆ ತುಂಬಾ ಇಷ್ಟ. 2001ರ ಗಣತಿಗೆ ಮನೆಪಟ್ಟಿ ಮಾಡುವಾಗ ನಾವೂ ರೇಡಿಯೊ ಇದೆಯಾ, ಟಿವಿ ಇದೆಯಾ, ಸೈಕಲ್ ಇದೆಯಾ ಎಂದು ಕೇಳಿದ್ದೆವು. ಅವರು 70 ವರ್ಷ ಮೊದಲೇ ಕೇಳಿದ್ದರು. ಆಗ ಇಡೀ ದೇಶದಲ್ಲಿ ನೂರಕ್ಕೆ ಸುಮಾರು 40 ಕುಟುಂಬಗಳಲ್ಲಿ ರೇಡಿಯೊ ಇತ್ತು. ಆದರೆ ನ್ಯೂಜೆರ್ಸಿಯಲ್ಲಿ 60ಕ್ಕಿಂತ ಜಾಸ್ತಿ, ಮಿಸಿಸಿಪ್ಪಿಯಲ್ಲಿ 5ರ ಆಸುಪಾಸು. ಹಳ್ಳಿ ಕಡೆ ಕರೆಂಟೇ ಇರಲಿಲ್ಲ, ಬ್ಯಾಟರಿ ಹಾಕಿ ಕೇಳಬೇಕಿತ್ತು. ಪೇಟೆಯಲ್ಲೂ ರೇಡಿಯೊ ಇದ್ದವರೆಲ್ಲ ಅನುಕೂಲಸ್ಥರು ಎಂದುಕೊಳ್ಳಬೇಡಿ. 1920ರ ದಶಕದಲ್ಲಿ ಕಾರು, ರೇಡಿಯೊ, ಮನೆಸಾಮಾನು ಬಹುಪಾಲು ಕಂತಿನ ಮೇಲೆಯೇ ಮನೆಗೆ ಬರುತ್ತಿದ್ದವು. ವಸ್ತು ಇದೆ ಎಂದು ಹಾಳೆ ಹೇಳುತ್ತದೆ. ಇನ್ನೂ ಎಷ್ಟು ಕಂತು ಬಾಕಿ ಎಂದು ಹೇಳುವುದಿಲ್ಲ. ಬಾಡಿಗೆ ಮನೆ, ಅದರೊಳಗೆ ಮೂವರು ಲಾಡ್ಜರುಗಳು (ದುಡ್ಡು ಕೊಟ್ಟು ಆ ಮನೆಯಲ್ಲೇ ಉಳಿದ ಹೊರಗಿನವರು), ಜೊತೆಗೊಂದು ರೇಡಿಯೊ ಕಂಡರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಡೆಟ್ರಾಯಿಟ್‌ನ ನಡುವೆಯೇ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿದೆ. ಆಗ ಅದು ಪೋಲೆಂಡಿನಿಂದ ಬಂದವರ ಊರು, ಅಲ್ಲೇ ಡಾಡ್ಜ್ ಕಾರಿನ ಕಾರ್ಖಾನೆ. ಕಲಿಯಲು ಇಂಥ ಊರು ಒಳ್ಳೆಯದು. 18ರಿಂದ 20ರವರೆಗಿನ ಕಾಲಂಗಳಲ್ಲಿ ವ್ಯಕ್ತಿ ಹುಟ್ಟಿದ ದೇಶ, ಅಪ್ಪ-ಅಮ್ಮ ಹುಟ್ಟಿದ ದೇಶ, 21ರಲ್ಲಿ ಮನೆಮಾತು, 22ರಲ್ಲಿ ಅಮೆರಿಕಕ್ಕೆ ಬಂದ ವರ್ಷ. ಬಂದ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ಮೊದಲ ಮಹಾಯುದ್ಧದ ಮುಂಚಿನವರು ಸಾಲುಸಾಲಾಗಿ ಸಿಗುತ್ತಾರೆ. 1924ರ ವಲಸೆ ಕಾನೂನು ಪೂರ್ವ ಮತ್ತು ದಕ್ಷಿಣ ಯುರೋಪಿನವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು, ಆಮೇಲಿನ ವರ್ಷಗಳು ಅಪರೂಪ. 25, 26ನೇ ಕಾಲಂನಲ್ಲಿ 'ಲೇಬರರ್, ಆಟೋ ಫ್ಯಾಕ್ಟರಿ' ಎಂಬಂಥದ್ದು ಪುಟದ ತುಂಬಾ ಇರುತ್ತದೆ. ಒಂದು ಬಗೆಯ ಆದಾಯ ಮಾತ್ರ ಎಲ್ಲೂ ಕಾಣುವುದಿಲ್ಲ. ಆಗ ಪಾನನಿಷೇಧ, ಹೊಳೆ ದಾಟಿದರೆ ಕೆನಡಾದ ವಿಂಡ್ಸರ್. ರಾತ್ರಿ ದೋಣಿಯಲ್ಲಿ ಹೆಂಡ ಸಾಗಿಸುವ ಕಸುಬನ್ನು ಸರ್ಕಾರದ ಹಾಳೆಯಲ್ಲಿ ಯಾರು ಬರೆಸುತ್ತಾರೆ ಹೇಳಿ?

ಹೆಂಗಸರ ಸಾಲು ನೋಡಿ. ಸಂಬಂಧದ ಕಾಲಂನಲ್ಲಿ ಹೆಂಡತಿ ಎಂದು ಬರೆದು ಪಕ್ಕದಲ್ಲಿ 'ಎಚ್' ಹಾಕಿರುತ್ತಾರೆ, ಅಂದರೆ ಮನೆ ನಡೆಸುವವಳು. ಉದ್ಯೋಗದ ಕಾಲಂನಲ್ಲಿ ಮಾತ್ರ 'ನನ್', ಏನೂ ಇಲ್ಲ. ಮೂವರು ಲಾಡ್ಜರುಗಳಿಗೆ ಬೇಯಿಸಿ, ಬಟ್ಟೆ ಒಗೆದು ಹಾಕುವವಳಿಗೆ ಉದ್ಯೋಗ ಇಲ್ಲವಂತೆ. ನಮ್ಮ ಫಾರಂನಲ್ಲೂ ಮನೆಗೆಲಸದವರು 'ಕೆಲಸ ಮಾಡದವರು' ಪಟ್ಟಿಗೇ ಹೋಗುತ್ತಿದ್ದರು. ಬರೆಯುವಾಗ ನನಗೆ ಸಿಟ್ಟು ಬರುತ್ತಿತ್ತು, ಓದುವಾಗಲೂ ಬರುತ್ತದೆ.

12ನೇ ಕಾಲಂ ಜನಾಂಗದ್ದು. ಅಲ್ಲಿ 'ಹಿನ್' ಎಂದು ಕಂಡರೆ ಅದು ನಮ್ಮವರು. ಸಿಖ್ಖರಾಗಲಿ ಮುಸ್ಲಿಮರಾಗಲಿ ಭಾರತದಿಂದ ಹೋದವರಿಗೆಲ್ಲ ಹಾಕುತ್ತಿದ್ದ ಹಣೆಪಟ್ಟಿ 'ಹಿಂದೂ'. 1930ರಲ್ಲಿ ಇಡೀ ದೇಶದಲ್ಲಿ ಅವರು 3,130 ಮಂದಿ. ಹುಡುಕಬೇಕಿದ್ದರೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಹೋಗಿ. ಗಂಡನ ಮುಂದೆ 'ಹಿನ್', ಹೆಂಡತಿಯ ಮುಂದೆ 'ಮೆಕ್ಸ್' ಎಂದಿರುವ ಸಂಸಾರಗಳು ಸಿಗುತ್ತವೆ, ಪಂಜಾಬಿ ರೈತ, ಮೆಕ್ಸಿಕನ್ ಹೆಂಡತಿ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ಭಗತ್ ಸಿಂಗ್ ತಿಂಡ್ ಅವರ ಮೊಕದ್ದಮೆಯಲ್ಲಿ 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳುವಂತಿಲ್ಲ ಎಂಬುದು ಕ್ಯಾಲಿಫೋರ್ನಿಯಾದ ಕಾನೂನು. ಇದನ್ನು ನೆನಪಿಟ್ಟುಕೊಂಡು ಅವರ 7ನೇ ಕಾಲಂ ಮತ್ತು ಪೌರತ್ವದ 23ನೇ ಕಾಲಂ ಓದಿ.

ಈಗ ಮುಖ್ಯ ವಿಷಯ. 1930ರ ಹಾಳೆಯಲ್ಲಿ ಕುಸಿತವನ್ನು ಹುಡುಕಬೇಡಿ. ಎಣಿಕೆಯ ದಿನ ಏಪ್ರಿಲ್ 1, ಪೇಟೆ ಬಿದ್ದು ಐದು ತಿಂಗಳಷ್ಟೇ ಆಗಿತ್ತು. ಜನ ಇನ್ನೂ ಹಳೇ ಲೆಕ್ಕದಲ್ಲೇ ಮನೆಯ ಬೆಲೆ ಹೇಳುತ್ತಿದ್ದರು. ಸಣ್ಣ ಬಿರುಕು ಕಾಣುವುದು 28ನೇ ಕಾಲಂನಲ್ಲಿ, ನಿನ್ನೆ ಕೆಲಸಕ್ಕೆ ಹೋಗಿದ್ದರಾ ಎಂಬ ಪ್ರಶ್ನೆಗೆ. ಅಲ್ಲಿ 'ನೋ' ಇದ್ದರೆ 29ರಲ್ಲಿ ಒಂದು ನಂಬರ್ ಇರುತ್ತದೆ, ಅದು ನಿರುದ್ಯೋಗದ ಬೇರೆ ಹಾಳೆಯ ಸಾಲು. ಆ ಹಾಳೆಗಳು ಉಳಿದಿಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ. ಆಗ ಸರ್ಕಾರ ಹೇಳಿದ ನಿರುದ್ಯೋಗಿಗಳ ಸಂಖ್ಯೆ ಸುಮಾರು 24 ಲಕ್ಷ. ತಾತ್ಕಾಲಿಕವಾಗಿ ಮನೆಗೆ ಕಳಿಸಿದವರನ್ನು ಬೇರೆ ಪಟ್ಟಿಗೆ ಹಾಕಿದ್ದರು. ಲೆಕ್ಕ ಕಡಿಮೆ ತೋರಿಸಿದ್ದಾರೆ ಎಂದು ದೊಡ್ಡ ಜಗಳವೇ ಆಯಿತು. ಯಾರನ್ನು ಯಾವ ಕಾಲಂಗೆ ಹಾಕುತ್ತೀರಿ ಎನ್ನುವುದರಲ್ಲೇ ಅರ್ಧ ರಾಜಕೀಯ ಇರುತ್ತದೆ, ಅಲ್ವಾ?

ಅತಿ ಕೆಟ್ಟ ವರ್ಷವಾದ 1933ಕ್ಕೆ ಇಂಥ ಹಾಳೆಯೇ ಇಲ್ಲ. ಆದ್ದರಿಂದ ಅದೇ ಬೀದಿಯ 1940ರ ಹಾಳೆ ತೆಗೆದು ಪಕ್ಕದಲ್ಲಿಡಿ. ಕಾಲಂ ನಂಬರ್ ಬದಲಾಗಿವೆ: ಸ್ವಂತವೋ ಬಾಡಿಗೆಯೋ ಎಂಬುದು 4ರಲ್ಲಿ, ಬೆಲೆ 5ರಲ್ಲಿ. ಹತ್ತು ವರ್ಷದ ಹಿಂದೆ 'ಓ' ಇದ್ದ ಮನೆ ನಂಬರಿನಲ್ಲಿ ಈಗ ಏನಿದೆ? ಬೆಲೆ ಎಷ್ಟಾಗಿದೆ? ಕುಟುಂಬ ಅದೇನಾ? ದೇಶದಲ್ಲಿ ಸ್ವಂತ ಮನೆಯವರ ಪಾಲು ನೂರಕ್ಕೆ 47.8 ಇದ್ದದ್ದು 43.6ಕ್ಕೆ ಇಳಿದಿತ್ತು. ನಿಮ್ಮ ಬೀದಿಯಲ್ಲಿ ಎಷ್ಟು ಇಳಿದಿದೆ ಎಂದು ಎಣಿಸಿ.

1940ರಲ್ಲಿ 17ರಿಂದ 20ರವರೆಗಿನ ಕಾಲಂಗಳು 1935ರ ಏಪ್ರಿಲ್ 1ರಂದು ಎಲ್ಲಿದ್ದಿರಿ ಎಂದು ಕೇಳುತ್ತವೆ. ನಡುವಿನ ಹತ್ತು ವರ್ಷಕ್ಕೆ ಇರುವ ಒಂದೇ ಕಿಟಕಿ ಇದು. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಆರ್ವಿನ್ ಕಡೆಯ ಹಾಳೆಗಳಲ್ಲಿ ಇಲ್ಲಿ ಓಕ್ಲಹೋಮ, ಟೆಕ್ಸಾಸ್, ಅರ್ಕಾನ್ಸಾ ಎಂದು ಕಾಣುತ್ತದೆ. ಮಳೆ ಇಲ್ಲ, ಹತ್ತಿಗೆ ಬೆಲೆ ಇಲ್ಲ, ಗೇಣಿ ಬಿಡಿಸಿ ಧಣಿ ಟ್ರ್ಯಾಕ್ಟರ್ ತಂದ. ಹೀಗೆ ಊರು ಬಿಟ್ಟು ಬಂದವರು ಅವರು. 1935ಕ್ಕೆ ಮೊದಲೇ ಬಂದವರು ಮಾತ್ರ ಈ ಕಾಲಂನಲ್ಲಿ ಕ್ಯಾಲಿಫೋರ್ನಿಯಾದವರಾಗಿಯೇ ಕಾಣುತ್ತಾರೆ. ಅವರನ್ನು ಹಿಡಿಯಬೇಕಾದರೆ ಮಕ್ಕಳು ಹುಟ್ಟಿದ ರಾಜ್ಯ ನೋಡಿ. ಎಂಟು ವರ್ಷದ ಹುಡುಗ ಓಕ್ಲಹೋಮ, ಐದು ವರ್ಷದ ಹುಡುಗಿ ಕ್ಯಾಲಿಫೋರ್ನಿಯಾ ಎಂದಿದ್ದರೆ ಪ್ರಯಾಣ ಆ ಎರಡರ ನಡುವೆ.

22ನೇ ಕಾಲಂನಲ್ಲಿ 'ಯೆಸ್' ಇದ್ದರೆ ಆತ ಡಬ್ಲ್ಯುಪಿಎಯಂಥ ಸರ್ಕಾರಿ ಪರಿಹಾರ ಕೆಲಸದಲ್ಲಿದ್ದಾನೆ. 31ರಲ್ಲಿ 1939ರಲ್ಲಿ ಎಷ್ಟು ವಾರ ಕೆಲಸ ಸಿಕ್ಕಿತು, 32ರಲ್ಲಿ ಆ ವರ್ಷದ ಕೂಲಿ ಅಥವಾ ಸಂಬಳ. ಎರಡನ್ನೂ ಒಟ್ಟಿಗೆ ಓದಬೇಕು. 32ರಲ್ಲಿ ಸೊನ್ನೆ ಕಂಡ ತಕ್ಷಣ ಪಾಪ ಎನ್ನಬೇಡಿ, ಪಕ್ಕದ 33 ನೋಡಿ. ಅಲ್ಲಿ 'ಯೆಸ್' ಇದ್ದರೆ ಸಂಬಳವಲ್ಲದ ಆದಾಯ 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದೆ ಎಂದರ್ಥ. ಅಂಗಡಿಯವರು, ಡಾಕ್ಟರುಗಳು, ಜಮೀನುದಾರರು ಹೀಗೇ ಕಾಣುತ್ತಾರೆ. 5,000 ಡಾಲರ್ ಮೇಲಿನ ಸಂಬಳಕ್ಕೆ ಸುಮ್ನೆ '5000+' ಎಂದು ಬರೆದು ಬಿಟ್ಟಿದ್ದಾರೆ, ಮಿಲಿಯಾಧೀಶನಿಗೂ ಅಷ್ಟೇ. ಆದಾಯ ಕೇಳುವುದಕ್ಕೆ ಆಗ ಬಹಳ ವಿರೋಧ ಇತ್ತು. ನ್ಯೂಹ್ಯಾಂಪ್‌ಶೈರ್‌ನ ಸೆನೆಟರ್ ಚಾರ್ಲ್ಸ್ ಟೋಬಿ ಉತ್ತರ ಕೊಡಲೇಬೇಡಿ ಎಂದು ಗಲಾಟೆ ಎಬ್ಬಿಸಿದ್ದರು. ಬಾಯಲ್ಲಿ ಹೇಳಲು ಮನಸ್ಸಿಲ್ಲದವರು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಕಳಿಸಬಹುದಿತ್ತು.

ನಂಬುವ ಮುಂಚೆ ಯಾರು ಹೇಳಿದ್ದು ಎಂದು ನೋಡಿ. 1940ರಲ್ಲಿ ಉತ್ತರ ಕೊಟ್ಟವರ ಹೆಸರಿನ ಪಕ್ಕ ಸುತ್ತುಹಾಕಿದ ಗುಣಿಸು ಗುರುತು ಇರುತ್ತದೆ. ಹೆಂಡತಿ ಹೇಳಿದ ಗಂಡನ ಸಂಬಳ, ಮಗ ಹೇಳಿದ ಅಪ್ಪನ ವಯಸ್ಸು ಹೇಗಿರುತ್ತವೆ ಎಂದು ಗಣತಿ ಮಾಡಿದವರಿಗೆಲ್ಲ ಗೊತ್ತು. 1930ರಲ್ಲಿ ಈ ಗುರುತೂ ಇಲ್ಲ. ವಯಸ್ಸುಗಳು 30, 35, 40 ಎಂದು ಗುಂಡುಗುಂಡಾಗಿ ಬಂದರೆ ಅನುಮಾನವಿರಲಿ.

ಇಷ್ಟವಾದ ಮನೆ ಸಿಕ್ಕಾಗ ಚಿತ್ರ ಇಳಿಸಿಕೊಂಡರೆ ಸಾಲದು. ರಾಜ್ಯ, ಕೌಂಟಿ, ಇಡಿ ನಂಬರ್, ಹಾಳೆಯ ನಂಬರ್, ಅದು ಎ ಬದಿಯೋ ಬಿ ಬದಿಯೋ, ಎಷ್ಟನೇ ಸಾಲು ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಹೆಸರಿನಿಂದ ಮತ್ತೆ ಹುಡುಕಬಹುದು ಎಂದು ಬಿಡಬೇಡಿ, ಪೋಲಿಷ್ ಹೆಸರುಗಳನ್ನು ಎರಡು ಗಣತಿಯಲ್ಲಿ ಎರಡು ಥರ ಬರೆದಿರುತ್ತಾರೆ.